ಗೊಬ್ಬರದ ಕೊಳವೆ ಹಿಡಿದ ಕೈ

ಸಂಡೂರಿನ ಗುಡ್ಡಗಳ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಂಭುಲಿಂಗ ಅವರ ಕೆಂಪು ಹೊಲದಲ್ಲಿ ಎತ್ತುಗಳು ಕೂರಿಗೆ ಎಳೆಯುತ್ತಿವೆ. ಹಿಂದೆ ಇಬ್ಬರು ಹೆಂಗಸರು. ಮನೆಯೊಡತಿ ರೇಣುಕಾದೇವಿ ಮೆಕ್ಕೆಜೋಳದ ಬೀಜ ಬಿಡುತ್ತಿದ್ದಾರೆ. ಬೀಜದ ಸಾಲಿನಿಂದ ಮೂರು ಬೆರಳು ಆಚೆ, ಬಿದಿರಿನ ಕೊಳವೆಯಲ್ಲಿ ಗೊಬ್ಬರ ಬಿಡುತ್ತಾ ನಡೆಯುವವರು ಉಚ್ಚಂಗೆಮ್ಮ. ವಯಸ್ಸು ಐವತ್ತೆರಡು. ದಿನಕ್ಕೆ ಎರಡು ಎಕರೆ, ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ.

"ಈಗ ಮಾತಾಡಿಸಬ್ಯಾಡ್ರಿ, ಸಾಲು ಮುಗೀಲಿ," ಎನ್ನುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಬದುವಿನ ಮೇಲೆ ಕೂರುತ್ತೇನೆ.

ಈ ಊರಲ್ಲಿ ಬೀಜ ಬಿಡುವುದು ಹೊಲದ ಮನೆಯ ಹೆಣ್ಣುಮಕ್ಕಳ ಹಕ್ಕು. ಬೆಳೆ ಚೆನ್ನಾಗಿ ಬಂದರೆ ಅದು ಅವರ ಕೈಗುಣ. ಗೊಬ್ಬರದ ಕೊಳವೆ ಕೂಲಿಯವರದು, ಅದಕ್ಕೆ ಯಾವ ಗುಣವನ್ನೂ ಯಾರೂ ಹಚ್ಚುವುದಿಲ್ಲ. ಮೂವತ್ತು ವರ್ಷದಿಂದ ಉಚ್ಚಂಗೆಮ್ಮ ಹಿಡಿದಿರುವುದು ಅದನ್ನೇ. ಮೊದಲ ವರ್ಷ ಬೀಜದ ಮೇಲೇ ಗೊಬ್ಬರ ಬಿಟ್ಟು ನಾಲ್ಕು ಸಾಲು ಕೆಡಿಸಿದ್ದರಂತೆ. ಸಾಲು ಮುಗಿಸಿ ಬಂದು ಅವರೇ ಹೇಳುತ್ತಾರೆ:

"ಮೊಳಕೀನ ಬರ್ಲಿಲ್ರಿ, ಸುಟ್ಟೋತು. ಯಾರಿಗೂ ಹೇಳದಂಗ ಹೋಗಿ ಕೈಲೆ ಬೀಜ ಊರಿ ಬಂದೆ. ಅವತ್ತಿಂದ ಈ ಮೂರು ಬೆರಳು."

ಇಲ್ಲಿಯದು ಕಬ್ಬಿಣ ತುಂಬಿದ ಹುಳಿ ಮಣ್ಣು. ಗೊಬ್ಬರದ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಬೆಳೆಗೆ ಬಿಟ್ಟುಕೊಡುವುದಿಲ್ಲ. ಎರಡು ವರ್ಷದ ಹಿಂದೆ ಶಂಭುಲಿಂಗ ಕೊಳವೆಯ ಬದಲು ಹೊಲದ ತುಂಬ ಡಿಎಪಿ ಗೊಬ್ಬರ ಎರಚಿ, ಟ್ರ್ಯಾಕ್ಟರಿನಲ್ಲಿ ಆಳಕ್ಕೆ ತಿರುವಿ ಹಾಕಿಸಿದರು. ಪೈರಿನ ಎಲೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿತು, ರಂಜಕ ಸಿಗದ ಗುರುತು. ಮರುವರ್ಷ ಅದೇ ತಯಾರಿ ನಡೆದಾಗ ಉಚ್ಚಂಗೆಮ್ಮ ಬಾಯಿ ಬಿಟ್ಟರು.

"ಅಷ್ಟು ಆಳ ಬ್ಯಾಡ್ರಿ ಗೌಡ್ರ, ಮ್ಯಾಲ ಮ್ಯಾಲ ಕುಂಟಿ ಹೊಡೆದ್ರ ಸಾಕು. ಎರಚಿದ್ದೆಲ್ಲ ಮಣ್ಣು ನುಂಗ್ತದ. ಡಿಎಪೀನ ತಿಪ್ಪಿಗೊಬ್ರದಾಗ ಕಲಸಿ ಸಾಲಿಗೆ ನಾ ಬಿಡ್ತೀನಿ. ಬೆಳಿ ಬರ್ಲಿಲ್ಲಂದ್ರ ನನ್ನ ಮತ್ತ ಬಿತ್ತಾಕ ಕರೀಬ್ಯಾಡ್ರಿ."

ಬಿತ್ತನೆಯ ಇಪ್ಪತ್ತು ದಿನ ಬಿಟ್ಟರೆ ಕೆಲಸ ಹುಡುಕಿಕೊಂಡು ಅಲೆಯುವ ಹೆಂಗಸಿನ ಮಾತಿದು. ಹಾಗೆ ಹೇಳಲು ಎಷ್ಟು ಗಟ್ಟಿ ಎದೆ ಬೇಕೋ, ಅಷ್ಟು ನನಗಂತೂ ಇಲ್ಲ. ಶಂಭುಲಿಂಗ ಅಳೆದು ಸುರಿದು ಆರರಲ್ಲಿ ಒಂದೇ ಎಕರೆ ಬಿಟ್ಟುಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ಆ ಒಂದೆಕರೆ ದಟ್ಟ ಹಸಿರಾಯಿತು, ಉಳಿದ ಐದರಲ್ಲಿ ಮತ್ತೆ ಅದೇ ನೇರಳೆ. ಈ ಸಲ ಆರೂ ಎಕರೆ ಉಚ್ಚಂಗೆಮ್ಮನ ಲೆಕ್ಕದಂತೆಯೇ ನಡೆದಿದೆ.

ಆದರೆ ಆ ಒಂದೆಕರೆಗೆ ಊರು ಹೊಗಳಿದ್ದು ರೇಣುಕಾದೇವಿಯ ಕೈಗುಣವನ್ನು. ಕೇಳಿ ನನಗೆ ಸಿಟ್ಟು ಬಂತು. ರೇಣುಕಾದೇವಿ ಮಾತ್ರ ನಗುತ್ತಾರೆ. "ನೇರಳಿ ಆಗಿದ್ದ ಐದೆಕರೇನೂ ನಾನೇ ಬಿತ್ತಿದ್ದೆ. ಗುಣ ಯಾರ ಕೈದು ಅಂತ ನಂಗೊತ್ತಿಲ್ಲೇನು?"

ಹೀಗೆಂದವರೇ ಮಡಿಲಿನ ಬೀಜದ ಚೀಲ ಬಿಚ್ಚಿ ಚಾಚುತ್ತಾರೆ. "ಉಚ್ಚಂಗೆಮ್ಮ, ಈ ಸಾಲು ನೀ ಬೀಜ ಬಿಡು. ಕೊಳವಿ ನಾ ಹಿಡೀತೀನಿ."

ಉಚ್ಚಂಗೆಮ್ಮ ಒಂದು ಗಳಿಗೆ ಚೀಲವನ್ನೇ ನೋಡುತ್ತಾರೆ. ಆಮೇಲೆ ಕೊಳವೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ.

"ಬ್ಯಾಡ್ರಿ ಅಕ್ಕಾರ. ಬೀಜ ಯಾರಾದ್ರೂ ಬಿಡ್ತಾರ. ಇದನ್ನ ನಿಮ್ಮ ಕೈಗೆ ಕೊಡಾಕ ನಂಗ ಧೈರ್ಯ ಇಲ್ಲ."