ಟೀಚರ್ ಎದ್ದು ನಿಂತ ಸಂಜೆ

ಕಳೆದ ತಿಂಗಳು ಒಂದು ಅಫಿಡವಿಟ್ ಮಾಡಿಸಲಿಕ್ಕೆಂದು ಉಡುಪಿಯ ಕೋರ್ಟಿನ ಬಳಿ ಹೋಗಿದ್ದೆ. ಕಂಪ್ಯೂಟರ್ ಇಟ್ಟುಕೊಂಡವರ ಸಾಲು ಮುಗಿಯುವಲ್ಲಿ ಮುದುಕರೊಬ್ಬರು ಹಳೆಯ ಟೈಪ್‌ರೈಟರಿನ ಮುಂದೆ ಕುಳಿತಿದ್ದರು. ಗಿರಾಕಿ ಯಾರೂ ಇರಲಿಲ್ಲ. ಮೆಷಿನಿನ ಮುಚ್ಚಳ ತೆಗೆದು, ಹಕ್ಕಿಯ ಗರಿಯೊಂದನ್ನು ಎಣ್ಣೆಯಲ್ಲಿ ಅದ್ದಿ ಒಳಗೆ ಸವರುತ್ತಿದ್ದರು. ಆ ಎಣ್ಣೆ ಮತ್ತು ರಿಬ್ಬನ್ನಿನ ಶಾಯಿ ಸೇರಿದ ವಾಸನೆ ಮೂಗಿಗೆ ಬಂದದ್ದೇ, ನನ್ನ ಸರದಿ ಬಂತೆಂದು ಪಕ್ಕದವರು ಕರೆದದ್ದೂ ಕೇಳಿಸಲಿಲ್ಲ...

ಅದು ಟೀಚರ ಸೀರೆಯ ವಾಸನೆ. ಅವರಿಗೆ ಹೆಸರಿತ್ತು, ಮೆಟ್ಟಿಲಿನ ಬುಡದ ಬೋರ್ಡಿನಲ್ಲಿ ಬರೆದೂ ಇತ್ತು. ಆದರೆ ಟೈಪಿಂಗ್ ಕಲಿಯಲು ಹೋಗುತ್ತಿದ್ದ ನಾವ್ಯಾರೂ ಆ ಹೆಸರು ಹೇಳಿದವರಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಉದ್ಯಾವರದಲ್ಲಿ. ಅಪ್ಪ ಕುವೈಟಿನಲ್ಲಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಅಮ್ಮ ಟೈಪಿಂಗ್ ಕಲಿಯಲು ಉಡುಪಿಯ ಕಡಿಯಾಳಿಗೆ ಅಟ್ಟಿದ್ದರು. ಅಂಗಡಿಯೊಂದರ ಮಹಡಿಯ ಮೇಲೆ ಉದ್ದನೆಯ ಕೋಣೆ. ಟೀಚರ್ ಮರದ ಸ್ಕೇಲಿನಿಂದ ಮೇಜಿಗೆ ತಾಳ ಹಾಕುತ್ತಾ ಸಾಲುಗಳ ನಡುವೆ ನಡೆಯುತ್ತಿದ್ದರು. ಎಲ್ಲರ ಬೆರಳುಗಳೂ ಆ ತಾಳಕ್ಕೆ ಬೀಳಬೇಕು. ಬೆನ್ನು ನೇರ, ಮೊಣಕೈ ಪಕ್ಕೆಗೆ ಅಂಟಿರಬೇಕು. ಯಾರದ್ದಾದರೂ ಹೆಗಲು ಅಲ್ಲಾಡಿದರೆ ಸ್ಕೇಲು ಮೆಲ್ಲಗೆ ಆ ಹೆಗಲ ಮೇಲೆ ಬಂದು ಕೂರುತ್ತಿತ್ತು. ಕುಣಿಯಬೇಕಾದ್ದು ಬೆರಳು ಮಾತ್ರ ಎಂದು ಅವರು ಹೇಳುತ್ತಿದ್ದರು.

ನಲವತ್ತರ ಆಸುಪಾಸಿನವರು. ಮದುವೆಯಾಗಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಅಣ್ಣನ ಮನೆಯಲ್ಲಿ, ಅದೇ ಓಣಿಯ ತುದಿಯಲ್ಲಿ ಇದ್ದರು. ನಾನು ಸೇರಿದ ವರ್ಷವೇ ಅವರಿಗೊಂದು ಸಂಬಂಧ ಕುದುರಿತು. ಕಾರ್ಕಳದ ಕಡೆಯ ಹೈಸ್ಕೂಲ್ ಮಾಸ್ಟ್ರು, ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ, ತಾಯಿ ಇದ್ದರು. ಚಳಿಗಾಲ ಕಳೆದ ಮೇಲೆ ಮದುವೆ ಎಂದಾಯಿತು. ಟೀಚರ್ ನಮ್ಮೊಡನೆ ಆ ವಿಷಯ ಮಾತಾಡಲಿಲ್ಲ. ಆದರೆ ಒಂದು ದಿನ ಸ್ಪೀಡ್ ಟೆಸ್ಟ್ ಕೊಟ್ಟು, ಕಿಟಕಿಯ ಹೊರಗೆ ನೋಡುತ್ತಾ ನಿಂತವರು ‘ಸ್ಟಾಪ್’ ಹೇಳಲಿಕ್ಕೇ ಮರೆತುಬಿಟ್ಟರು. ಕಾಗದ ಮುಗಿದು ರೋಲರು ಖಾಲಿ ತಿರುಗುವವರೆಗೂ ನಾವು ಹೊಡೆಯುತ್ತಲೇ ಇದ್ದೆವು. ಅವರು ತಿರುಗಿ ನೋಡಿ ಮೊದಲ ಬಾರಿಗೆ ನಮ್ಮೆದುರು ನಕ್ಕರು.

ಕ್ರಿಸ್ಮಸ್ ಕಳೆದ ವಾರ ಬೊಂಬಾಯಿಯಿಂದ ಒಂದು ಪಾರ್ಟಿ ಬಂತು. ಹಾಡು, ಡಿಸ್ಕೋ ಡ್ಯಾನ್ಸು, ಬಣ್ಣದ ಲೈಟು ಎಂದು ಜೀಪಿಗೆ ಮೈಕು ಕಟ್ಟಿ ಮಣಿಪಾಲದಿಂದ ಮಲ್ಪೆಯವರೆಗೂ ಕೂಗಿಕೊಂಡು ಹೋದರು. ನಮ್ಮ ಬ್ಯಾಚಿನ ಹುಡುಗಿಯರೆಲ್ಲ ಹೊರಟೆವು. ಟೀಚರ್ ಜೊತೆಗಿದ್ದರೆ ಮನೆಯಲ್ಲಿ ಬೇಡವೆನ್ನುವುದಿಲ್ಲ ಎಂಬುದು ನಮ್ಮ ಲೆಕ್ಕಾಚಾರ. ಟೀಚರ್ ಆಗದು ಎಂದೇ ಹೇಳಿದ್ದರು. ಆ ಸಂಜೆ ಮಾತ್ರ ಮೈದಾನದ ಗೇಟಿನ ಬಳಿ, ಎಂದಿನ ಕೈಮಗ್ಗದ ಸೀರೆಯಲ್ಲಿ, ಕೊಡೆ ಹಿಡಿದುಕೊಂಡು ನಮಗಿಂತ ಮೊದಲೇ ಬಂದು ನಿಂತಿದ್ದರು. ನಾನು ಅವರ ಪಕ್ಕದಲ್ಲಿ ಕುಳಿತೆ.

ಅಂಥದ್ದನ್ನು ನಮ್ಮೂರು ನೋಡಿರಲಿಲ್ಲ. ಯಕ್ಷಗಾನಕ್ಕೆ ಹೇಗೆ ಕೂರಬೇಕು, ಯಾವಾಗ ತಲೆದೂಗಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಇದಕ್ಕೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಪರದೆ ಸರಿದದ್ದೇ ಹೊಗೆ ಬಂತು, ಹಿಂದಿನವರು ಬೆಂಕಿ ಬಿತ್ತೆಂದು ಎದ್ದು ನಿಂತರು. ಹೊಗೆಯೊಳಗಿಂದ ಮಿಂಚುವ ಅಂಗಿಯವರು ಹಾರಿಕೊಂಡು ಬಂದಾಗ ಕೂತವರು ಯಾರು, ನಿಂತವರು ಯಾರು ಎಂದು ತಿಳಿಯದಂತಾಯಿತು. ಕೆಲವರು ಹಾಡಿನ ನಡುವೆಯೇ ಚಪ್ಪಾಳೆ ತಟ್ಟಿದರು, ಮುಗಿದಾಗ ಸುಮ್ಮನೆ ಕುಳಿತರು. ನಮ್ಮ ಮುಂದಿದ್ದ ಅಜ್ಜರೊಬ್ಬರು ಕಥೆ ಯಾವಾಗ ಶುರುವಾಗುತ್ತದೆ ಎಂದು ಮೊಮ್ಮಗನನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ತಾಯಂದಿರು ಮಕ್ಕಳ ಕಣ್ಣಿಗೆ ಸೆರಗು ಮುಚ್ಚಿ ತಾವು ನೋಡುತ್ತಿದ್ದರು. ಮಣಿಪಾಲದಿಂದ ಬಂದಿದ್ದ ಮೆಡಿಕಲ್ ವಿದ್ಯಾರ್ಥಿಗಳು ಒಂದು ಬದಿಯಲ್ಲಿ ಎದ್ದು ಕುಣಿಯತೊಡಗಿದರು. ಜನ ಅವರನ್ನು ನೋಡಬೇಕೋ ಸ್ಟೇಜನ್ನು ನೋಡಬೇಕೋ ಎಂದು ಕತ್ತು ತಿರುಗಿಸುತ್ತಲೇ ಇದ್ದರು. ನಮ್ಮ ಕ್ರಿಶ್ಚಿಯನ್ನರ ಮನೆಗಳಲ್ಲಿ ಮದುವೆಯ ಹಿಂದಿನ ದಿನ ಬ್ಯಾಂಡ್ ಬಾರಿಸಿದರೆ ಮಾವಂದಿರು, ಅತ್ತೆಯರು ಎಲ್ಲ ಕುಣಿಯುವವರೇ. ಆದರೂ ನನಗೂ ಅಲ್ಲಿ ಕಾಲು ಅಲ್ಲಾಡಿಸಲು ಸಂಕೋಚ.

ಆಮೇಲೆ ಹಾಡು ನಿಂತಿತು. ಡ್ರಮ್ಮಿನವನೊಬ್ಬನ ಮೇಲೆ ಮಾತ್ರ ಬೆಳಕು ಬಿತ್ತು. ಅವನು ಮೆಲ್ಲಗೆ ಶುರು ಮಾಡಿ ಏರಿಸುತ್ತಾ ಹೋದ. ಆ ಪೆಟ್ಟು ಕಿವಿಗಿಂತ ಹೆಚ್ಚಾಗಿ ಎದೆಗೆ ಕೇಳಿಸುತ್ತಿತ್ತು. ಕುರ್ಚಿಯ ಕಬ್ಬಿಣ ನಡುಗುತ್ತಿತ್ತು.

ಟೀಚರ್ ಎದ್ದು ನಿಂತರು.

ಹೊರಗೆ ಹೋಗುತ್ತಾರೆಂದು ನಾನು ಕಾಲು ಮಡಚಿ ದಾರಿ ಬಿಟ್ಟೆ. ಅವರು ಹೋಗಲಿಲ್ಲ. ಮೊದಲು ಹೆಗಲು ಅಲ್ಲಾಡಿತು. ಮತ್ತೆ ಇಡೀ ಮೈ. ಕೊಡೆ ಕೈಯಿಂದ ಬಿತ್ತು, ಚಪ್ಪಲಿ ಎಲ್ಲಿಗೋ ಹೋಯಿತು, ತುರುಬು ಬಿಚ್ಚಿ ಕೂದಲು ಮುಖದ ಮೇಲೆ ಬಂತು. ಸಾಲಿನಿಂದ ಹೊರಗೆ, ಕುರ್ಚಿಗಳ ನಡುವಿನ ಜಾಗಕ್ಕೆ ಬಂದು ಅವರು ತಿರುಗತೊಡಗಿದರು. ಕಣ್ಣು ಅರ್ಧ ಮುಚ್ಚಿತ್ತು. ಕುಣಿತವೆಂದರೆ ಕುಣಿತ, ನಡುಕವೆಂದರೆ ನಡುಕ... ಸುತ್ತಲಿನ ಜನ ಸರಿದು ಜಾಗ ಬಿಟ್ಟರು. ಹುಡುಗರು ಶಿಳ್ಳೆ ಹಾಕಿದರು. ಅಷ್ಟರಲ್ಲಿ ಯಾರೋ ‘ದರ್ಶನ’ ಎಂದರು. ದೈವ ಮೈಮೇಲೆ ಬರುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಆ ಮಾತು ಬಾಯಿಂದ ಬಾಯಿಗೆ ಹೋದಂತೆ ಶಿಳ್ಳೆ ನಿಂತಿತು. ಶಿಳ್ಳೆ ಹಾಕಿದವರೇ ಕೈಮುಗಿದರು. ಮುದುಕಿಯೊಬ್ಬರು ಹತ್ತಿರ ಹೋಗಿ, ಯಾವ ದೈವ ಎಂದು ಹೇಳಬೇಕು, ನಮ್ಮಿಂದ ಎಂತ ತಪ್ಪಾಗಿದೆ ಎಂದು ತುಳುವಿನಲ್ಲಿ ಬೇಡಿಕೊಂಡರು. ಇನ್ನೊಬ್ಬರು ಫಿಟ್ಸ್ ಎಂದು ಕೈಗೆ ಬೀಗದ ಕೈ ಹಿಡಿಸಲು ನೋಡಿದರು. ಮೆಡಿಕಲ್ ಹುಡುಗರು ತಮ್ಮ ಜೊತೆಗೆ ಇನ್ನೊಬ್ಬರು ಸಿಕ್ಕಿದರೆಂದು ಚಪ್ಪಾಳೆ ತಟ್ಟುತ್ತಿದ್ದರು. ಮೇಲಿದ್ದ ಡ್ರಮ್ಮಿನವನು ಇದೆಲ್ಲ ತನ್ನ ಕೈಚಳಕಕ್ಕೆ ಸಿಕ್ಕ ಮೆಚ್ಚುಗೆ ಎಂದುಕೊಂಡು ಮತ್ತಷ್ಟು ಜೋರಾಗಿ ಬಾರಿಸಿದ.

ಅವನು ನಿಲ್ಲಿಸಿದ. ಟೀಚರೂ ನಿಂತರು. ಕೂದಲು ಕಟ್ಟಿಕೊಂಡು, ಬಗ್ಗಿ ಚಪ್ಪಲಿ ಹುಡುಕಿದರು. ನಾನು ಕೊಡೆ ಎತ್ತಿಕೊಟ್ಟೆ. ‘ಬಸ್ಸಿಗೆ ಹೊತ್ತಾಯಿತು, ನಡಿ’ ಎಂದರು, ಕ್ಲಾಸು ಮುಗಿಸಿದ ದನಿಯಲ್ಲೇ.

ಮರುದಿನ ಉಡುಪಿಯಲ್ಲಿ ಬೇರೆ ಮಾತಿರಲಿಲ್ಲ. ದರ್ಶನ ಎನ್ನುವವರು, ಕಾಯಿಲೆ ಎನ್ನುವವರು, ಮದುವೆ ನಿಶ್ಚಯವಾದ ಹೆಂಗಸಿಗೆ ಇಷ್ಟೂ ಮರ್ಯಾದೆ ಬೇಡವಾ ಎನ್ನುವವರು. ಮೈದಾನದಲ್ಲಿದ್ದ ಮುದುಕಿ ಹೂವು, ತೆಂಗಿನಕಾಯಿ ಹಿಡಿದುಕೊಂಡು ಮಹಡಿ ಹತ್ತಿ ಬಂದು, ಮೆಷಿನುಗಳ ನಡುವೆ ಕೈಮುಗಿದು ನಿಂತರು. ಮಗನಿಗೆ ಗಲ್ಫಿನ ವೀಸಾ ಯಾವಾಗ ಆಗುತ್ತದೆಂದು ಅವರಿಗೆ ಕೇಳಬೇಕಿತ್ತು. ಟೀಚರ್ ಅವರನ್ನು ಕೂರಿಸಿ ನೀರು ಕೊಟ್ಟು, ಕಾಯಿಯನ್ನು ಹಿಂದೆ ಕೊಟ್ಟು ಕಳಿಸಿದರು. ಮುದುಕಿ ಅಳುತ್ತಾ ಇಳಿದುಹೋದರು. ಇಬ್ಬರು ಹುಡುಗಿಯರನ್ನು ಮನೆಯವರು ಕ್ಲಾಸಿನಿಂದ ಬಿಡಿಸಿದರು.

ಒಂದು ಸಂಜೆ ಅವರ ಅಣ್ಣ ನನ್ನನ್ನು ಮನೆಗೆ ಕರೆಸಿದರು. ಒಳ್ಳೆಯ ಮನುಷ್ಯ, ಆ ಕೆಲವೇ ದಿನಗಳಲ್ಲಿ ಮುಖ ಬಾಡಿಹೋಗಿತ್ತು. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ ಮೆಲ್ಲಗೆ ಕೇಳಿದರು. ನೀನು ಪಕ್ಕದಲ್ಲೇ ಇದ್ದವಳು, ನಿನಗೆ ಎಂತ ಕಂಡಿತು? ಅವರಿಗೆ ಬೇಕಾಗಿದ್ದ ಉತ್ತರ ಯಾವುದೆಂದು ನನಗೆ ಅರ್ಥವಾಗಿತ್ತು. ದರ್ಶನವೆಂದಾದರೆ ಬಾಯಿಗಳೆಲ್ಲ ಮುಚ್ಚುತ್ತವೆ. ದೈವಕ್ಕೆ ಸಲ್ಲಿಸುವುದನ್ನು ಸಲ್ಲಿಸಿ, ತಂಗಿ ತಲೆಯೆತ್ತಿ ನಡೆಯಬಹುದು. ಆದರೆ ನಾನು ಇಗರ್ಜಿಗೆ ಹೋಗುವವಳು, ದರ್ಶನವನ್ನು ದೂರದಿಂದ ನೋಡಿದ್ದಷ್ಟೇ. ಹೌದೆಂದರೂ ಅಲ್ಲವೆಂದರೂ ನನ್ನ ಮಾತು ಎಷ್ಟು ನಿಜ? ಗೊತ್ತಾಗಲಿಲ್ಲ ಎಂದೆ.

ಟೀಚರ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು.

“ಅವಳನ್ನು ಕೇಳುವುದು ಬೇಡ ಅಣ್ಣ. ಕುಣಿದದ್ದು ನಾನು.”

ಅಣ್ಣ ಕುರ್ಚಿಯಿಂದ ಎದ್ದರು. ಆಮೇಲೆ, ಹೇಳುವುದಾದರೆ ಸ್ವಲ್ಪ ಯೋಚಿಸಿ ಹೇಳು ಎಂದಷ್ಟೇ ಅಂದು ಒಳಗೆ ಹೋದರು.

ಕಾರ್ಕಳದ ಮಾಸ್ಟ್ರು ತಾವೇ ಬಂದರು, ಒಬ್ಬರೇ. ಮನೆಗೆ ಹೋಗದೆ ನೇರ ಟೈಪಿಂಗ್ ಕ್ಲಾಸಿಗೆ. ತೆಳ್ಳಗಿನ ಮೈ, ಬಿಳಿ ಶರ್ಟು, ಕೈಯಲ್ಲಿ ಬಟ್ಟೆಯ ಚೀಲ. ಮಧ್ಯಾಹ್ನದ ಹೊತ್ತು, ನಾನೊಬ್ಬಳೇ ಇದ್ದೆ. ಎದ್ದು ಹೋಗಲು ನೋಡಿದರೆ ಟೀಚರ್ ಕೂರುವಂತೆ ಕಣ್ಣಿನಲ್ಲೇ ಹೇಳಿದರು. ಮಾಸ್ಟ್ರು ಮಾತಾಡುತ್ತಿದ್ದದ್ದು ಸಣ್ಣ ದನಿಯಲ್ಲಿ. ತನಗೆ ಅದರಿಂದ ಏನೂ ಇಲ್ಲ, ಯಾರು ಎಲ್ಲಿ ಕುಣಿದರೂ ತಾನು ತಪ್ಪೆಂದು ಭಾವಿಸುವವನಲ್ಲ ಎಂದರು. ತಾಯಿಗೆ ಮಾತ್ರ ಹೆದರಿಕೆ. ದರ್ಶನವಾದರೆ ದೈವದ ಪಾಲಿನ ಹೆಣ್ಣನ್ನು ಮನೆಗೆ ತರುವುದು ಹೇಗೆ, ಸುಮ್ಮನೆ ಕುಣಿದದ್ದಾದರೆ ಹತ್ತು ಜನಕ್ಕೆ ಹೇಳುವುದು ಹೇಗೆ...

“ತಲೆ ತಿರುಗಿತು ಅಂತ ಒಂದು ಮಾತು ಹೇಳಿದರೆ ಸಾಕು. ಅಷ್ಟು ಜನ, ಹೊಗೆ, ಆಗುವುದುಂಟಲ್ಲ. ಅಮ್ಮ ಒಪ್ಪುತ್ತಾರೆ,” ಎಂದರು.

ಟೀಚರ್ ಸ್ಕೇಲನ್ನು ಮೇಜಿನ ಅಂಚಿಗೆ ಸಮವಾಗಿ ಇಟ್ಟರು. ಆ ಮನುಷ್ಯನ ಮೇಲೆ ಅವರಿಗೆ ಮನಸ್ಸಿತ್ತು, ಅದು ನನಗೂ ಕಾಣುತ್ತಿತ್ತು. ಹೇಳಿಬಿಡಿ ಟೀಚರ್ ಎಂದು ನಾನು ಒಳಗೇ ಬೇಡುತ್ತಿದ್ದೆ.

“ನನಗೆ ತಲೆ ತಿರುಗಲಿಲ್ಲ,” ಎಂದರು. “ನೀವು ಬಂದದ್ದು ದೊಡ್ಡದು. ಆದರೆ ನನಗೆ ತಲೆ ತಿರುಗಲಿಲ್ಲ.”

ಮಾಸ್ಟ್ರು ಎದ್ದರು. ಚೀಲದಿಂದ ಒಂದು ಕಟ್ಟು ಮಲ್ಲಿಗೆ ತೆಗೆದು, ಕೈಗೆ ಕೊಡಬೇಕೋ ಬೇಡವೋ ತಿಳಿಯದೆ, ಕೊನೆಗೆ ಒಂದು ಮೆಷಿನಿನ ಮೇಲಿಟ್ಟು ಮೆಟ್ಟಿಲಿಳಿದರು. ಮದುವೆ ಮುರಿಯಿತು ಎಂದು ಯಾರೂ ಹೇಳಿ ಕಳಿಸಲಿಲ್ಲ. ದಿನ ಗೊತ್ತು ಮಾಡಲು ಮಾತ್ರ ಯಾರೂ ಬರಲಿಲ್ಲ.

ನಾನು ಪರೀಕ್ಷೆ ಮುಗಿಸಿ ಕ್ಲಾಸು ಬಿಡುವ ಹೊತ್ತಿಗೆ ಧೈರ್ಯ ಮಾಡಿ ಕೇಳಿದೆ. ಟೀಚರ್, ನಿಜವಾಗಿ ಎಂತ ಆದದ್ದು? ಅವರು ರಿಬ್ಬನ್ ಬದಲಿಸುತ್ತಿದ್ದರು. ಬೆರಳ ತುದಿಗಳು ಕಪ್ಪಾಗಿದ್ದವು.

“ಡ್ರಮ್ ಶುರುವಾದದ್ದು ಗೊತ್ತುಂಟು. ಚಪ್ಪಲಿ ಹುಡುಕಿದ್ದು ಗೊತ್ತುಂಟು. ಮಧ್ಯದ್ದು ನನಗೂ ಗೊತ್ತಿಲ್ಲ ಮಾರಾಯ್ತಿ.”

“ಮತ್ತೆ ನಾನೇ ಕುಣಿದದ್ದು ಅಂತ ಯಾಕೆ ಹೇಳಿದಿರಿ?”

“ದೈವ ಅಂತ ಹೇಳಿ, ಅದು ಅಲ್ಲದಿದ್ದರೆ? ಆ ಅಜ್ಜಿ ಮಗನ ವೀಸಾ ಕೇಳಲಿಕ್ಕೆ ಬಂದರಲ್ಲ, ನಾನು ಎಂತ ಹೇಳಬೇಕಿತ್ತು?” ರಿಬ್ಬನ್ನನ್ನು ಬಿಗಿಮಾಡಿ ಮುಚ್ಚಳ ಹಾಕಿದರು. “ಯಾರದ್ದು ಅಂತ ಗೊತ್ತಿಲ್ಲ. ಮೈ ನನ್ನದೇ ಅಲ್ವಾ?”

ನನಗೆ ಅದು ಉತ್ತರವಾಗಿ ಕಂಡದ್ದೂ ಹೌದು, ಉತ್ತರವೇ ಅಲ್ಲವೆಂದು ಕಂಡದ್ದೂ ಹೌದು. ನಾನು ಕಣ್ಣಾರೆ ನೋಡಿದ ಆ ಮುಖದಲ್ಲಿ ಸಂತೋಷವಿತ್ತೇ, ನೋವಿತ್ತೇ, ಅಲ್ಲಿ ಅವರಿದ್ದರೇ ಇಲ್ಲವೇ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಪ್ರತಿ ಸಲವೂ ಬೇರೆ ಮುಖ ಬರುತ್ತದೆ.

ನನಗೆ ಮಣಿಪಾಲದ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದರು. ಕಡಿಯಾಳಿಯಲ್ಲಿ ಕಲಿಯುವವರು ಕಡಿಮೆಯಾಗಿ ಟೀಚರ್ ಮೆಷಿನುಗಳನ್ನು ಟೆಂಪೋಗೆ ಹಾಕಿ ಕಾಪುವಿಗೆ ಹೋದರೆಂದು ಆ ದಶಕ ಮುಗಿಯುವ ಮೊದಲೇ ಕೇಳಿದ್ದೆ. ಒಮ್ಮೆ ಬಸ್ಸಿನ ಕಿಟಕಿಯಿಂದ ಅವರನ್ನು ಕಂಡೆ. ರಸ್ತೆ ದಾಟಲು ನಿಂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕರೆಯುವಷ್ಟರಲ್ಲಿ ಬಸ್ಸು ಮುಂದೆ ಹೋಯಿತು.

ಕೋರ್ಟಿನ ಕೆಲಸ ಮುಗಿದ ದಿನ ಮನೆಗೆ ಹೋಗುವ ಬದಲು ಕಾಪುವಿನ ಬಸ್ಸು ಹತ್ತಿದೆ. ಪೇಟೆಯಲ್ಲಿ ವಿಚಾರಿಸಿದರೆ ಒಂದು ಬಳೆ ಅಂಗಡಿ ತೋರಿಸಿದರು. ಅದರ ಹಿಂದಿನ ಕೋಣೆಯಲ್ಲಿ ಟೀಚರ್ ಇದ್ದರಂತೆ. ಹೋದ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು ಎಂದು ಅಂಗಡಿಯ ಹೆಂಗಸು ಹೇಳಿದರು. ನರಳಲಿಲ್ಲ, ಮಲಗಿದವರು ಏಳಲಿಲ್ಲ. ನಾನು ಅವರ ಶಿಷ್ಯೆ ಎಂದು ತಿಳಿದ ಮೇಲೆ ಸ್ಟೂಲು ಕೊಟ್ಟು ಕೂರಿಸಿದರು. ಉಡುಪಿಯ ಆ ಸಂಜೆಯ ವಿಷಯ ಅವರಿಗೇನೂ ಗೊತ್ತಿದ್ದಂತಿರಲಿಲ್ಲ. ನಾನು ಹೇಳಲಿಲ್ಲ.

ಅವರೇ ಮಾತು ತೆಗೆದರು. ಟೀಚರಿಗೆ ಒಂದು ಹುಚ್ಚಿತ್ತು ಎಂದರು. ಸುತ್ತಮುತ್ತ ಎಲ್ಲಿ ಆರ್ಕೆಸ್ಟ್ರಾ ಇರಲಿ, ಡ್ಯಾನ್ಸು ಇರಲಿ, ತಪ್ಪಿಸುತ್ತಿರಲಿಲ್ಲ. ಕಾಲು ನೋವಿದ್ದರೂ ಈ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಹೋಗಿ ಸಾಲಿನ ತುದಿಯ ಕುರ್ಚಿಯಲ್ಲಿ ಕೈಕಟ್ಟಿ ಕೂರುವುದು. ಸುತ್ತಲಿನವರೆಲ್ಲ ಎದ್ದು ಕುಣಿದರೂ ಟೀಚರ್ ಅಲ್ಲಾಡುತ್ತಿರಲಿಲ್ಲ. ಒಂದು ಚಪ್ಪಾಳೆಯೂ ಇಲ್ಲ.

“ಇಷ್ಟ ಇಲ್ಲದಿದ್ದರೆ ಯಾಕೆ ಹೋಗುವುದು ಟೀಚರ್ ಅಂತ ನಾನೇ ಕೇಳಿದ್ದೆ,” ಎಂದರು ಆ ಹೆಂಗಸು. “‘ಬಂದರೆ ಬರಲಿ ಅಂತ’ ಅಂದರು. ಯಾರು ಬರುವುದು ಅಂತ ನನಗೆ ಗೊತ್ತಾಗಲಿಲ್ಲ. ಆಮೇಲೆ ಎಷ್ಟು ಸಲ ಕೇಳಿದರೂ ಹೇಳಲಿಲ್ಲ.”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ನೀವು ಬರಲಿಕ್ಕೆ ಇತ್ತಾ?”

ಅಲ್ಲ ಎಂದೆ. ನಾನಲ್ಲ ಎಂದೆ. ಹಾಗಾದರೆ ಯಾರು ಎಂಬಂತೆ ಅವರು ಇನ್ನೂ ಕಾಯುತ್ತಿದ್ದರು. ಆ ಸಂಜೆ ಡ್ರಮ್ಮಿನೊಡನೆ ಬಂದದ್ದಕ್ಕೆ ನನ್ನ ಬಳಿ ಹೆಸರಿರಲಿಲ್ಲ. ಕೇಳೋಣವೆಂದರೆ ಇನ್ನು ಟೀಚರ್ ಇಲ್ಲ...