ಅತ್ತೆ ನನ್ನ ಪರ ಎದ್ದು ನಿಂತಾಗ

“ಇವ್ಳು ಮೈಗಳ್ಳಿ ಅಲ್ಲ ಕಣ್ ಸಾ. ನೀವು ಏಳ್ದಂಗೆ ನಡ್ದೂ ನಡ್ದೂ ಇಂಗಾಗವ್ಳೆ!” ಕೊಳ್ಳೇಗಾಲದ ವೈದ್ಯರ ಮುಂದೆ ನನ್ನತ್ತೆ ಎದ್ದು ನಿಂತು ಹೀಗೆಂದಾಗ ನಾನು ಬೆರಗಾಗಿ ಕೂತಿದ್ದೆ.

ಜ್ವರ ಬಂದು ಹೋದ ಮೇಲೆ ಹಿಡಿದ ಸುಸ್ತು ನನ್ನನ್ನು ಬಿಟ್ಟಿರಲಿಲ್ಲ. ಇದು ದೀರ್ಘಕಾಲದ ಆಯಾಸದ ಕಾಯಿಲೆ, ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ನಡೆದರೆ ವಾಸಿಯಾಗುತ್ತದೆ ಎಂದು ಸಂಶೋಧನೆ ಹೇಳುತ್ತದೆ ಎಂದಿದ್ದರು ವೈದ್ಯರು. ಮಧುವನಹಳ್ಳಿಯ ನಮ್ಮ ಮನೆಯಿಂದ ಕಾಲುವೆಯವರೆಗೆ ನಡೆಯತೊಡಗಿದೆ. ನಡೆದ ಮರುದಿನ ತಲೆ ಬಾಚಲು ಕೈ ಎತ್ತುವುದಕ್ಕೂ ಆಗುತ್ತಿರಲಿಲ್ಲ. ನೆಂಟರು ಸೋಮಾರಿ ಎಂದು ಆಡಿಕೊಳ್ಳುವಾಗ ಅತ್ತೆ ಸುಮ್ಮನಿರುತ್ತಿದ್ದರು. ಅವರಿಗೂ ಹಾಗೇ ಅನಿಸಿದೆ ಎಂದುಕೊಂಡಿದ್ದೆ.

ವೈದ್ಯರು ಸಿಟ್ಟಾಗಲಿಲ್ಲ. ಅತ್ತೆಯನ್ನು ಕೂರಿಸಿ, ಅವರು ಕಂಡದ್ದನ್ನೆಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. “ಆ ಸಂಶೋಧನೆ ಬಗ್ಗೆ ಈಗ ವೈದ್ಯರಲ್ಲೇ ತಕರಾರಿದೆಯಮ್ಮ. ನಡೆದು ಕಾಯಿಲೆ ಜಾಸ್ತಿಯಾಯಿತು ಅಂತ ಎಷ್ಟೋ ರೋಗಿಗಳು ಹೇಳಿದ್ದಾರೆ. ನಾನು ನಿಮ್ಮನ್ನು ಮೊದಲೇ ಕೇಳಬೇಕಿತ್ತು. ಆ ನಡಿಗೆ ನಿಲ್ಲಿಸಿ, ಸುಸ್ತಾಗುವ ಮೊದಲೇ ಮಲಗಿ.” ಇದಕ್ಕೆ ಇಂಥದ್ದೇ ಮದ್ದು ಎಂದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಆದರೂ ನನ್ನ ಮನಸ್ಸು ಹಗುರವಾಗಿ ಅಳು ಬಂತು. ಅತ್ತೆ ಸೆರಗಿನಿಂದ ನನ್ನ ಕಣ್ಣು ಒರೆಸಿದರು.

ಕಾಯಿಲೆ ಇನ್ನೂ ಹೋಗಿಲ್ಲ. ಆದರೆ ಮಲಗಿ ಎದ್ದು ಅರ್ಧ ಅಡುಗೆಯನ್ನಾದರೂ ಈಗ ನಾನೇ ಮಾಡುತ್ತೇನೆ. ಮಧ್ಯಾಹ್ನ ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ ಅತ್ತೆ ಕೋಣೆಯ ಬಾಗಿಲೆಳೆದು, “ಮನಗವ್ಳೆ, ಸಂಜೆ ಬನ್ನಿ” ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಒಳ್ಳೆಯ ನಿದ್ದೆ ಬರುತ್ತದೆ.