ಎಣ್ಣೆಗಾಯಿಯ ತೊಟ್ಟು

ಹದಿನೇಳನೆಯ ವಯಸ್ಸಿನಲ್ಲಿ ನಾನು ತಾಂಡೂರಿನ ಹಾಸ್ಟೆಲಿನಲ್ಲಿದ್ದೆ. ಲಿಂಗಾಯತರ ಹುಡುಗ, ಮೊಟ್ಟೆಯನ್ನೂ ಮುಟ್ಟದವನು. ಅಲ್ಲಿ ಬೇಳೆಗೂ ಮೊಟ್ಟೆಯ ಸಾರಿಗೂ ಒಂದೇ ಸೌಟು ಎಂಬುದು ನನ್ನ ಬಲವಾದ ಗುಮಾನಿ. ಬಡಿಸುವವನ ಕೈಯನ್ನು ಗಡಿ ಕಾಯುವ ಸಿಪಾಯಿಯ ನಿಷ್ಠೆಯಿಂದ ಕಾಯುತ್ತಿದ್ದೆ. ಸೌಟಿನ ಸಂಚಾರ ಸರಿಯಿಲ್ಲ ಎನಿಸಿದ ದಿನ ಮೊಸರನ್ನ. ಮೊಸರಿನ ಮೇಲೂ ಸಂಶಯ ಬಂದ ದಿನ ಬಾಳೆಹಣ್ಣು. ಅದಕ್ಕೆ ಸಿಪ್ಪೆಯಿದೆ, ಬೇರೆ ಸಾಕ್ಷಿ ಬೇಡ. ಬಸ್ ಸ್ಟ್ಯಾಂಡಿನ ಸಮೋಸಾ ಮುರಿದು, ಒಳಗಿರುವುದು ಈರುಳ್ಳಿಯೇ ಹೌದೆಂದು ಬಿಸಿಲಿಗೆ ಹಿಡಿದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತಿತ್ತು.

ಇದನ್ನೆಲ್ಲ ಸಹಿಸಿಕೊಂಡವನು ನಮ್ಮೂರು ಜಹೀರಾಬಾದಿನ ನನ್ನ ಗೆಳೆಯ. ನಮ್ಮ ಹಿಂದಿನ ಓಣಿಯ ಮುಸಲ್ಮಾನರ ಮನೆಯವನು. ಚಿಕ್ಕಂದಿನಿಂದ ಅವನು ನಮ್ಮಲ್ಲಿ ಹೊಟ್ಟೆ ತುಂಬ ಉಂಡಿದ್ದ. ನಾನು ಅವರಲ್ಲಿ ನೀರು ಕುಡಿದಿದ್ದೆ. ಅವನ ಅಕ್ಕನ ಮದುವೆ ಗೊತ್ತಾದಾಗ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ:

"ಈ ಸಲ ಉಣ್ಣಲಿಲ್ಲಂದ್ರ ದೋಸ್ತಿ ಖತಮ್ ನೋಡಲೇ. ಅಮ್ಮಿ ನಿನ್ನ ಸಲುವಾಗಿ ಬ್ಯಾರೆನೇ ಬಂದೋಬಸ್ತ್ ಮಾಡ್ಯಾಳ."

"ಬ್ಯಾರೆ ಅಂದ್ರ, ಸೌಟೂ ಬ್ಯಾರೆ?"

"ಸೌಟೂ ಬ್ಯಾರೆ, ಒಲಿನೂ ಬ್ಯಾರೆ. ಬಾ ನೀ."

ಯಾವ ಒಲೆ ಎಂದು ಹೇಳಲಿಲ್ಲ. ನನ್ನಂಥವನ ಸಂಶಯಕ್ಕೆ ಅಷ್ಟು ಸಾಕಿತ್ತು.

ಮದುವೆಯ ದಿನ ಬಸ್ಸಿಳಿದು ನೇರ ಶಾದಿಖಾನೆಗೆ ಹೋದೆ. ಗೆಳೆಯನ ತಾಯಿ ನನ್ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಹೊಸ ಪಿಂಗಾಣಿ ಬಟ್ಟಲುಗಳಲ್ಲಿ ಅನ್ನ, ಬೇಳೆ, ಕರ್ರಗೆ ಎಣ್ಣೆ ಬಿಟ್ಟುಕೊಂಡ ಒಂದು ಮಸಾಲೆಯ ಪಲ್ಯ ಇಟ್ಟರು. "ಉಣ್ಣು ಬೇಟಾ, ಎಲ್ಲಾ ನಿಂದೇ ಅದ" ಎಂದವರು, ಬೀಗರು ಬಂದರೆಂದು ಓಡಿದರು.

ಗೆಳೆಯ ಬಂದು ಎದುರಿಗೆ ಕೂತ. ನಾನು ಪಂಚನಾಮೆಗೆ ಕುಳಿತೆ. ಪಲ್ಯದ ನಡುವಿನಿಂದ ಏನೋ ಒಂದು ಗಟ್ಟಿಯಾಗಿ, ತುಸು ಬಾಗಿಕೊಂಡು ಹೊರಗೆ ಚಾಚಿತ್ತು.

"ಇದೇನಲೇ?"

"ಪಲ್ಯ."

"ಯಾರ್ ಮಾಡ್ಯಾರ?"

"ಅದನ್ನ ಹೇಳಾಂಗಿಲ್ಲ. ನನ್ನ ಮಾತಿನ ಮ್ಯಾಲೆ ಉಣ್ಣತೀಯೋ ಇಲ್ಲೋ?"

ಹೇಳಲಾರೆ ಎಂದಮೇಲೆ ಇನ್ನೇನು ಉಳಿಯಿತು? "ಯಾಕೋ ಹೊಟ್ಟಿ ಸರಿ ಇಲ್ಲ" ಎಂದೆ.

ಅವನು ಬಟ್ಟಲ ಮೇಲೆ ತಟ್ಟೆ ಮುಚ್ಚಿದ. "ಆತು" ಎಂದ. ಆ ಮಾತಿಗೆ 'ಲೇ' ಹಚ್ಚಲಿಲ್ಲ.

ಮನೆಗೆ ಬಂದೆ. ಚಪ್ಪಲಿ ಬಿಡುವ ಮೊದಲೇ ಅವ್ವ ಕೇಳಿದಳು: "ಎಣ್ಣಿಗಾಯಿ ಹೆಂಗಾಗಿತ್ತೋ?"

"ನಿಂಗ್ಯಾರು ಹೇಳಿದ್ರು?"

"ನಂಗ್ಯಾರು ಹೇಳಬೇಕು? ಮುಂಜಾನೆ ನಿನ್ನ ದೋಸ್ತನ ಅವ್ವ ಶಿಧಾ ಕಳಿಸಿದ್ರು, ನಾನೇ ಮಾಡಿಕೊಟ್ಟೀನಿ."

ನಮ್ಮ ಕಡೆ ಇದು ಹಳೆಯ ರಿವಾಜು. ಮಾಂಸದಡುಗೆಯ ಮನೆಯವರು ಶಾಕಾಹಾರಿ ಅತಿಥಿಗೆ ಅಕ್ಕಿ, ಬೇಳೆ, ಎಣ್ಣೆ, ಕಾಯಿಪಲ್ಯವನ್ನು ಹಸಿಯಾಗಿಯೇ ಕಳಿಸುತ್ತಾರೆ. ಅಡುಗೆ ಅವರವರ ಒಲೆಯ ಮೇಲೆ. ಬೇರೆ ಒಲೆ ಎಂದರೆ ನಮ್ಮ ಮನೆಯ ಒಲೆ. ಆ ಒಲೆಯೊಂದರ ಮೇಲೆ ನನ್ನ ಸಂಶಯ ಅಲ್ಲಿಯವರೆಗೆ ಹಾಯ್ದಿರಲಿಲ್ಲ.

"ಮತ್ತ ಅದರಾಗ ಎಲುಬು ಇತ್ತಲ್ಲ?" ಬಾಯಿ ಜಾರಿತು.

"ಎಲುಬು? ಬದನಿಕಾಯಿ ತೊಟ್ಟೋ ಅದು, ಮೂಳ! ಹುಟ್ಟಿದಾಗಿಂದ ತಿಂದೀ, ಗುರ್ತ ಸಿಗಲಿಲ್ಲ?"

ಅರ್ಧ ಬಿಚ್ಚಿದ ಚಪ್ಪಲಿ ಮತ್ತೆ ಮೆಟ್ಟಿ ಓಡಿದೆ. ಶಾದಿಖಾನೆಯಲ್ಲಿ ಗೆಳೆಯ ಕುರ್ಚಿ ಪೇರಿಸುತ್ತಿದ್ದ. ಪಿಂಗಾಣಿ ಬಟ್ಟಲು ಖಾಲಿಯಾಗಿತ್ತು. ತಳದಲ್ಲಿ ತೊಟ್ಟುಗಳು ಮಾತ್ರ.

"ನಾನೇ ಉಂಡೆ" ಎಂದ, ಮುಖ ನೋಡದೆ.

"ನಂಗ ಹಸಿವಾಗ್ಯಾದಲೇ."

"ಹೊಟ್ಟಿ ಸರಿ ಇಲ್ಲಂದಿ?"

"ಈಗ ಸರಿ ಆತು."

ಅವನು ಒಳಗೆ ಹೋಗಿ ಒಂದು ಬಟ್ಟಲು ಖೂಬಾನಿ ಹಣ್ಣಿನ ಸಿಹಿ ತಂದು ಮುಂದಿಟ್ಟ. "ಇದು ನಮ್ಮ ಒಲಿ ಮ್ಯಾಲಿಂದು. ಸೌಟು ಯಾವುದೋ ನಂಗೂ ಗೊತ್ತಿಲ್ಲ."

ಮೂಸಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ತಿಂದೆ. ಬಟ್ಟಲು ಮುಂದೆ ಚಾಚಿ ಇನ್ನಷ್ಟು ಕೇಳಿದೆ.

ಆಗ ಅವನು, ನಮ್ಮ ಸ್ನೇಹದಲ್ಲಿ ಮೊದಲ ಸಲ, ನನ್ನನ್ನು ಸಂಶಯದಿಂದ ನೋಡಿದ.

"ನಿಮ್ಮವ್ವ ಏನಾರ ಹೇಳ್ಯಾರೇನಲೇ?"

'ಲೇ' ಮರಳಿ ಬಂದಿತ್ತು. ನನ್ನ ಬಾಯಿ ತುಂಬ ಖೂಬಾನಿ ಇದ್ದುದರಿಂದ ಉತ್ತರ ಕೊಡುವ ಪ್ರಮೇಯ ಬರಲಿಲ್ಲ.